ಬುಡ ಗುಂಗುರು, ತುದಿ ನೇರ

ನೇರ ಮಾಡಿಸಿದ ಕೂದಲನ್ನು ಬಿಟ್ಟು ಹುಟ್ಟುಗೂದಲಿಗೆ ಮರಳುವವರ ಕೈಗೆ ಮೊದಲು ಬರುವುದು ವಿಟಮಿನ್ ಡಬ್ಬಿ. ಹೊಟ್ಟೆಗೆ ಹೋದ ಮಾತ್ರೆ ತಲೆಯ ಮೇಲಿನ ಸುರುಳಿಯನ್ನು ಬದಲಿಸಬಲ್ಲದೇ?

ಅಕ್ಕನ ಮಗಳು ಅಟ್ಲಾಂಟಾದಿಂದ ರಜೆಗೆ ಬಂದಿದ್ದಳು. ಬಂದ ಮರುದಿನ ತಲೆಸ್ನಾನ ಮಾಡಿ, ಬಾಚಣಿಗೆಗೆ ಸಿಕ್ಕಿದ ಒಂದು ಕೂದಲೆಳೆಯನ್ನು ಬಿಳಿ ಕಾಗದದ ಮೇಲಿಟ್ಟು ನನ್ನ ಮುಂದೆ ಹಿಡಿದಳು. ‘ಚಿಕ್ಕಿ, ಇದನ್ನ ನೋಡು’ ಅಂದಳು. ಬುಡದಿಂದ ಅರ್ಧ ಗೇಣು ಉದ್ದಕ್ಕೆ ಎಳೆ ಬಳ್ಳಿಯ ಕುಡಿಯಂತೆ ಸುತ್ತಿಕೊಂಡಿತ್ತು. ಅಲ್ಲಿಂದ ತುದಿಯವರೆಗೆ ಎಳೆದು ಕಟ್ಟಿದ ದಾರದಂತೆ ನೇರ. ಇಬ್ಬರ ತಲೆಯ ಕೂದಲನ್ನು ತಂದು ಗಂಟು ಹಾಕಿದ ಹಾಗಿತ್ತು. ಹುಡುಕಿದರೆ ಗಂಟು ಮಾತ್ರ ಇಲ್ಲ.

ಎಂ.ಎಸ್. ಓದಲು ಹೊರಡುವ ಮುನ್ನ ಅವಳು ಬೆಂಗಳೂರಿನ ಪಾರ್ಲರೊಂದರಲ್ಲಿ ಐದಾರು ತಾಸು ಕೂತು ಸ್ಮೂತನಿಂಗ್ ಮಾಡಿಸಿಕೊಂಡಿದ್ದಳು. ಅಲ್ಲಿಗೆ ಹೋದ ಮೇಲೆ ಇನ್ನೊಮ್ಮೆ. ಈಗ ಒಂದು ವರ್ಷದಿಂದ ಬಿಟ್ಟಿದ್ದಾಳೆ. ‘ನಾನೀಗ ಟ್ರಾನ್ಸಿಷನ್‌ನಲ್ಲಿದ್ದೀನಿ’ ಎಂದಳು. ಆ ಪದ ಅವಳಿಗೆ ಸಿಕ್ಕಿದ್ದು ಅಲ್ಲಿನ ಕಪ್ಪು ಗೆಳತಿಯರಿಂದ. ಪದದ ಜೊತೆಗೆ ಒಂದು ಡಬ್ಬಿಯೂ ಸಿಕ್ಕಿತ್ತು: ಹಣ್ಣಿನ ಬಣ್ಣದ, ಜಗಿಯುವ ಗಮ್ಮಿ ಮಾತ್ರೆಗಳು. ‘ಇದನ್ನ ತಿಂದ ಮೇಲೆ ಗುಂಗುರು ಸಡಿಲ ಆಯ್ತು ಅಂತ ಕೆಲವರು ಹೇಳ್ತಾರೆ. ಬಿಗಿ ಆಯ್ತು ಅಂತ ಇನ್ನು ಕೆಲವರು. ಯಾವುದು ನಿಜ ಚಿಕ್ಕಿ?’

ಒಂದೇ ಮಾತ್ರೆ ಒಬ್ಬಳಿಗೆ ಸಡಿಲ, ಇನ್ನೊಬ್ಬಳಿಗೆ ಬಿಗಿ! ಹಾಗಾದರೆ ಕೆಲಸ ಮಾಡುತ್ತಿರುವುದು ಮಾತ್ರೆಯೋ ಮತ್ತೇನೋ? ಈ ಬರಹ ಹುಟ್ಟಿದ್ದು ಅಲ್ಲಿಂದ.

ಪದದ ತವರು

ಟ್ರಾನ್ಸಿಷನ್ ಎಂಬ ಮಾತು ಅಮೆರಿಕದ ಕಪ್ಪು ಹೆಂಗಸರ ಬದುಕಿನಿಂದ ಬಂದದ್ದು. ಅವರಲ್ಲಿ ಬಹುಮಂದಿಗೆ ಎಳವೆಯಲ್ಲೇ ಕೂದಲನ್ನು ನೇರ ಮಾಡುವ ‘ರಿಲ್ಯಾಕ್ಸರ್’ ಕ್ರೀಮು ಹಚ್ಚುವ ರೂಢಿ ಇತ್ತು. ಆರೆಂಟು ವಾರಕ್ಕೊಮ್ಮೆ ಹೊಸದಾಗಿ ಬೆಳೆದ ಬುಡಕ್ಕೆ ಮತ್ತೆ ಹಚ್ಚಬೇಕು. ಒಂದು ದಿನ ಅದನ್ನು ನಿಲ್ಲಿಸಿ, ಹುಟ್ಟುಗೂದಲು ಬೆಳೆಯುವವರೆಗೆ ಎರಡು ಬಗೆಯ ಕೂದಲನ್ನು ಒಂದೇ ತಲೆಯಲ್ಲಿ ಸಂಭಾಳಿಸುವ ಕಾಲವೇ ಟ್ರಾನ್ಸಿಷನ್. ಕಾಯುವ ತಾಳ್ಮೆ ಇಲ್ಲದವರು ನೇರ ಭಾಗವನ್ನೆಲ್ಲ ಒಮ್ಮೆಗೇ ಕತ್ತರಿಸಿ ಬಿಡುತ್ತಾರೆ. ಅದಕ್ಕೆ ‘ಬಿಗ್ ಚಾಪ್’ ಎಂದು ಹೆಸರು.

ಕೂದಲನ್ನು ನೇರ ಮಾಡುವ ಕ್ರೀಮನ್ನು ಇಪ್ಪತ್ತನೇ ಶತಮಾನದ ಆರಂಭದಲ್ಲಿ ಮಾರುಕಟ್ಟೆಗೆ ತಂದವರಲ್ಲಿ ಗ್ಯಾರೆಟ್ ಮಾರ್ಗನ್ ಒಬ್ಬ. ಕ್ಲೀವ್‌ಲ್ಯಾಂಡ್‌ನ ಈ ಕಪ್ಪು ಸಂಶೋಧಕ ಹೊಲಿಗೆ ಯಂತ್ರದ ಸೂಜಿ ಕಾಯದಂತೆ ತಡೆಯುವ ದ್ರಾವಣವೊಂದನ್ನು ಮಾಡುತ್ತಿದ್ದಾಗ, ಅದು ಉಣ್ಣೆ ಬಟ್ಟೆಯ ನವಿರನ್ನು ನೇರ ಮಾಡಿದ್ದನ್ನು ಕಂಡನಂತೆ. 1923ರಲ್ಲಿ ಟ್ರಾಫಿಕ್ ಸಿಗ್ನಲ್‌ಗೆ ಪೇಟೆಂಟ್ ಪಡೆದವನೂ ಇವನೇ. 1954ರಲ್ಲಿ ಷಿಕಾಗೋದ ಜಾರ್ಜ್ ಜಾನ್ಸನ್ ಕಟ್ಟಿದ ಕೂದಲು ಪ್ರಸಾಧನಗಳ ಕಂಪನಿ, 1971ರಲ್ಲಿ ಅಮೆರಿಕನ್ ಸ್ಟಾಕ್ ಎಕ್ಸ್‌ಚೇಂಜ್ ಸೇರಿದ ಮೊದಲ ಕಪ್ಪು ಒಡೆತನದ ಸಂಸ್ಥೆಯಾಯಿತು. ಅಂದರೆ ಇದು ಬರೀ ಅಲಂಕಾರದ ವಿಷಯವಾಗಿರಲಿಲ್ಲ. ನೌಕರಿ, ಮರ್ಯಾದೆ, ಶಾಲೆಯ ಗುಂಪುಫೋಟೊ ಎಲ್ಲವೂ ಆ ಕ್ರೀಮಿನ ಡಬ್ಬಿಗೆ ಅಂಟಿಕೊಂಡಿದ್ದವು. ಸಹಜ ಕೂದಲಿನ ಕಾರಣಕ್ಕೆ ಶಾಲೆಯಲ್ಲಿ, ಕೆಲಸದಲ್ಲಿ ತಾರತಮ್ಯ ಮಾಡಬಾರದು ಎಂದು ಕ್ಯಾಲಿಫೋರ್ನಿಯಾ ‘ಕ್ರೌನ್ ಕಾಯ್ದೆ’ ತಂದದ್ದು 2019ರಷ್ಟು ಈಚೆಗೆ.

ರಿಲ್ಯಾಕ್ಸರ್‌ನ ಕೆಲಸ ಒರಟು. ಅದರಲ್ಲಿ ಸಾಮಾನ್ಯವಾಗಿ ಇರುವುದು ಸೋಡಿಯಂ ಹೈಡ್ರಾಕ್ಸೈಡ್, ಅಂದರೆ ಸೋಪು ಮಾಡಲು ಬಳಸುವ ಕಾಸ್ಟಿಕ್ ಸೋಡಾ, ಇಲ್ಲವೇ ಅದರ ಜಾತಿಯ ಕ್ಷಾರ. ಕೂದಲಿನ ಕೆರಾಟಿನ್ ಪ್ರೋಟೀನಿನ ಎಳೆಗಳನ್ನು ಒಂದಕ್ಕೊಂದು ಕಟ್ಟಿ ಹಿಡಿಯುವ ಗಂಧಕದ ಕೊಂಡಿಗಳನ್ನು ಅದು ಮುರಿದು, ಮತ್ತೆಂದೂ ಹಳೆಯ ಆಕಾರಕ್ಕೆ ಹೋಗದ ಹಾಗೆ ಬೇರೆ ಕೊಂಡಿ ಬೆಸೆಯುತ್ತದೆ. ನಮ್ಮ ಪಾರ್ಲರುಗಳ ಸ್ಮೂತನಿಂಗ್, ರೀಬಾಂಡಿಂಗ್‌ಗಳ ರಾಸಾಯನಿಕ ಬೇರೆಯಾದರೂ ಕೈ ಹಾಕುವುದು ಅದೇ ಕೊಂಡಿಗಳಿಗೆ. ಹಾಗಾಗಿ ಮಾಡಿಸಿದ ಭಾಗ ಮಾಡಿಸಿದಂತೆಯೇ ಉಳಿಯುತ್ತದೆ. ಹುಟ್ಟುಗುಣ ಮರಳುವುದು ಹೊಸ ಬುಡದಲ್ಲಿ ಮಾತ್ರ.

ಬಿಡುವವರ ಸಂಖ್ಯೆ ಹೆಚ್ಚಲು ಸ್ವಾಭಿಮಾನದ ಜೊತೆ ಆರೋಗ್ಯದ ಭಯವೂ ಸೇರಿತು. ಅಮೆರಿಕದ 33,497 ಮಹಿಳೆಯರನ್ನು ಸುಮಾರು 11 ವರ್ಷ ಗಮನಿಸಿದ ‘ಸಿಸ್ಟರ್ ಸ್ಟಡಿ’ಯ ಫಲಿತಾಂಶ 2022ರಲ್ಲಿ ಹೊರಬಂತು. ಕೂದಲು ನೇರ ಮಾಡುವ ಉತ್ಪನ್ನಗಳನ್ನು ವರ್ಷಕ್ಕೆ ನಾಲ್ಕಕ್ಕಿಂತ ಹೆಚ್ಚು ಸಲ ಬಳಸಿದವರಲ್ಲಿ, 70 ವರ್ಷದೊಳಗೆ ಗರ್ಭಕೋಶದ ಕ್ಯಾನ್ಸರ್ ಬರುವ ಸಂಭವ ಶೇ 4.05 ಎಂದು ಅಂದಾಜಿಸಲಾಯಿತು. ಬಳಸದವರಲ್ಲಿ ಅದು ಶೇ 1.64. ಇದು ನಂಟನ್ನು ತೋರಿಸುವ ಲೆಕ್ಕ, ಕಾರಣವನ್ನು ಸಾಬೀತು ಮಾಡುವ ಲೆಕ್ಕವಲ್ಲ. ಆದರೂ ಡಬ್ಬಿಯನ್ನು ಕೆಳಗಿಡಲು ಅಷ್ಟು ಸಾಕಾಯಿತು.

ಈ ಕಥೆಗೆ ನಮ್ಮ ಕಡೆಯ ಎರಡು ಎಳೆಗಳಿವೆ. ಟ್ರಾನ್ಸಿಷನ್ ಕಾಲದಲ್ಲಿ ಎರಡು ಬಗೆಯ ಕೂದಲನ್ನು ಮುಚ್ಚಿಡಲು ಅಲ್ಲಿನ ಎಷ್ಟೋ ಹೆಂಗಸರು ಹೊಲಿದು ಕೂರಿಸಿಕೊಳ್ಳುವ ಕೂದಲಿನಲ್ಲಿ ತಿರುಪತಿಯಂಥ ಕ್ಷೇತ್ರಗಳಲ್ಲಿ ಮುಡಿ ಕೊಟ್ಟವರ ಕೂದಲೂ ಇದೆ. ಹಾಸ್ಯನಟ ಕ್ರಿಸ್ ರಾಕ್ 2009ರ ‘ಗುಡ್ ಹೇರ್’ ಸಾಕ್ಷ್ಯಚಿತ್ರದಲ್ಲಿ ಆ ದಾರಿ ಹಿಡಿದೇ ಭಾರತಕ್ಕೆ ಬಂದ. ಇನ್ನೊಂದು ಎಳೆ ನನ್ನ ತವರು ಯಲ್ಲಾಪುರದ್ದು. ಶತಮಾನಗಳ ಹಿಂದೆ ಆಫ್ರಿಕಾದಿಂದ ಗುಲಾಮರಾಗಿ ಬಂದವರ ಸಂತತಿಯಾದ ಸಿದ್ದಿಗಳು ನಮ್ಮ ಕಾಡಿನಂಚಿನ ಊರುಗಳಲ್ಲಿದ್ದಾರೆ. ಶಾಲೆಯಲ್ಲಿ ಸಿದ್ದಿ ಹುಡುಗಿಯರ ಬಿಗಿ ಗುಂಗುರನ್ನು ನಾವು ಮುಟ್ಟಿ ಮುಟ್ಟಿ ನೋಡುತ್ತಿದ್ದೆವು. ಅವರಿಗೆ ಹೇಗೆನಿಸಿರಬಹುದು ಎಂಬುದು ನನಗೆ ಹೊಳೆದದ್ದು ಬಹಳ ತಡವಾಗಿ, ಅಟ್ಲಾಂಟಾದ ಬಸ್ಸಿನಲ್ಲಿ ಯಾರೋ ತನ್ನ ಕೂದಲನ್ನು ಕೇಳದೆ ಮುಟ್ಟಿದರೆಂದು ಈ ಹುಡುಗಿ ಫೋನಿನಲ್ಲಿ ಸಿಡುಕಿದಾಗ.

ಕಾಯುವವರ ಮಾರುಕಟ್ಟೆ

ಕೂದಲು ತಿಂಗಳಿಗೆ ಬೆಳೆಯುವುದು ಹೆಚ್ಚುಕಡಿಮೆ ಒಂದು ಸೆಂಟಿಮೀಟರ್. ಬಿಗಿ ಗುಂಗುರಿನ ಆಫ್ರಿಕನ್ ಕೂದಲು ಅದಕ್ಕಿಂತ ನಿಧಾನ. ಬೆಳೆದರೂ ಸುರುಳಿಯೊಳಗೆ ಅಡಗಿ ಕೂರುವುದರಿಂದ ಇನ್ನೂ ಗಿಡ್ಡ ಕಾಣುತ್ತದೆ. ಭುಜದವರೆಗಿನ 30 ಸೆಂಟಿಮೀಟರ್ ಕೂದಲು ಪೂರ್ತಿ ಹೊಸದಾಗಲು ಎರಡೂವರೆ ವರ್ಷ ಬೇಕು. ಈ ನಡುವೆ ಹೊಸತು ಮತ್ತು ಹಳತು ಸೇರುವ ಜಾಗದಲ್ಲಿ ಎಳೆ ಮುರಿಯುತ್ತದೆ, ಸಿಕ್ಕಾಗುತ್ತದೆ, ಮದುವೆ ಮನೆಗೆ ಹೋಗುವಾಗ ಅಳು ಬರುತ್ತದೆ.

ಇಂಥ ಕಾಯುವ ಕಾಲಕ್ಕೇ ಮಾತ್ರೆ ಮಾರಾಟವಾಗುವುದು. ದಿನವೂ ಮಾಡಲು ಒಂದು ಕೆಲಸ ಸಿಕ್ಕಿತಲ್ಲ ಎಂಬ ಸಮಾಧಾನವನ್ನು ಅದು ಕೊಡುತ್ತದೆ. ಬಯೋಟಿನ್, ಸತು, ಕೊಲಾಜೆನ್, ಎಂ.ಎಸ್.ಎಂ. ಎಂಬ ಗಂಧಕದ ಪುಡಿ, ಬಸುರಿಯರಿಗೆಂದೇ ಮಾಡಿದ ವಿಟಮಿನ್ ಮಾತ್ರೆಯನ್ನು ಬಸುರಿಯಲ್ಲದವರೂ ನುಂಗುವುದು: ಪಟ್ಟಿ ಉದ್ದವಿದೆ. ಬಸುರಿನಲ್ಲಿ ಕೂದಲು ದಟ್ಟವಾಗುವುದು ನಿಜ. ಅದು ಈಸ್ಟ್ರೊಜೆನ್ ಹಾರ್ಮೋನು ಕೂದಲನ್ನು ಉದುರುವ ಹಂತಕ್ಕೆ ಹೋಗಗೊಡದೆ ಹಿಡಿದಿಡುವುದರಿಂದ. ಹೆರಿಗೆಯಾಗಿ ಮೂರು ತಿಂಗಳಿಗೆ ತಡೆದಿಟ್ಟದ್ದೆಲ್ಲ ಒಟ್ಟಿಗೆ ಉದುರಿ ಬಾಣಂತಿಯರು ಕಂಗಾಲಾಗುತ್ತಾರೆ. ಹಾರ್ಮೋನು ಮಾಡಿದ ಕೆಲಸದ ಹೆಸರು ಮಾತ್ರೆಗೆ ಬಂತು.

ಅಮೆರಿಕದಲ್ಲಿ 1994ರ ಕಾನೂನಿನ ಪ್ರಕಾರ ಇಂಥ ಪೂರಕಗಳಿಗೆ ಮಾರಾಟಕ್ಕೆ ಮೊದಲು ಸರ್ಕಾರದ ಒಪ್ಪಿಗೆ ಬೇಕಿಲ್ಲ. ಔಷಧಿಯಂತೆ ‘ಇದು ಕೆಲಸ ಮಾಡುತ್ತದೆ’ ಎಂದು ಸಾಬೀತು ಮಾಡಿ ತೋರಿಸುವ ಹೊಣೆಯಿಲ್ಲ. ಹೀಗಾಗಿ ಡಬ್ಬಿಯ ಮೇಲಿನ ಚಿತ್ರ ಡಬ್ಬಿಯೊಳಗಿನ ವಸ್ತುವಿಗಿಂತ ಹೆಚ್ಚು ಮಾತಾಡುತ್ತದೆ.

ಅಚ್ಚು ಇರುವುದು ಚರ್ಮದೊಳಗೆ

ಸುರುಳಿ ಎಲ್ಲಿ ಹುಟ್ಟುತ್ತದೆ? ನಮ್ಮ ತಲೆಯಲ್ಲಿ ಸುಮಾರು ಒಂದು ಲಕ್ಷ ಕೂದಲಿನ ಗುಳಿಗಳಿವೆ. ಒಂದೊಂದೂ ಚರ್ಮದೊಳಗೆ ಇಳಿಬಿಟ್ಟ ಚಕ್ಕುಲಿ ಒರಳಿನ ಹಾಗೆ. ಒರಳಿಗೆ ಒಂದು ಬಿಲ್ಲೆ ಹಾಕಿದರೆ ಚಕ್ಕುಲಿ, ಇನ್ನೊಂದು ಹಾಕಿದರೆ ಶ್ಯಾವಿಗೆ. ಗುಳಿ ನೆಟ್ಟಗಿದ್ದರೆ ಕೂದಲು ನೇರ. ಅದರ ಬುಡ ಕೊಕ್ಕೆಯಂತೆ ಬಾಗಿದ್ದರೆ ಗುಂಗುರು. ಬಾಗಿದ ಗುಳಿಯಲ್ಲಿ ಎಳೆಯ ಒಂದು ಮಗ್ಗುಲಿನ ಜೀವಕೋಶಗಳು ಇನ್ನೊಂದು ಮಗ್ಗುಲಿನ ಹಾಗೆ ಗಟ್ಟಿಯಾಗುವುದಿಲ್ಲ. ಆ ಅಸಮತೆಯೇ ಎಳೆಯನ್ನು ಒಂದು ಕಡೆ ಸುತ್ತಿಸುತ್ತದೆ.

ಆ ಬಿಲ್ಲೆಯನ್ನು ಕೊಟ್ಟವರು ಅಪ್ಪ ಅಮ್ಮ. ಪೂರ್ವ ಏಷ್ಯಾದವರ ದಪ್ಪ ನೇರ ಕೂದಲಿನ ಹಿಂದೆ ಇ.ಡಿ.ಎ.ಆರ್. ಎಂಬ ಜೀನಿನ ಒಂದು ರೂಪ, ಯುರೋಪಿನವರ ನೇರ-ಸುರುಳಿ ಭೇದದ ಹಿಂದೆ ಟ್ರೈಕೊಹಯಲಿನ್ ಎಂಬ ಪ್ರೋಟೀನಿನ ಜೀನು ಇರುವುದನ್ನು ವಿಜ್ಞಾನಿಗಳು ಗುರುತಿಸಿದ್ದಾರೆ. ಮಾತ್ರೆ ಒರಳಿಗೆ ಹಿಟ್ಟು ತಂದು ಹಾಕಬಹುದು. ಬಿಲ್ಲೆ ಬದಲಿಸಲಾರದು.

ಹಾಗೆಂದು ಗುಳಿ ಯಾವತ್ತೂ ಬದಲಾಗದ ಕಲ್ಲೂ ಅಲ್ಲ. ಕೀಮೊಥೆರಪಿ ಮುಗಿದ ಮೇಲೆ ನೇರ ಕೂದಲಿನವರಿಗೆ ಗುಂಗುರು ಹುಟ್ಟಿದ್ದುಂಟು. ಮೂರ್ಛೆರೋಗಕ್ಕೆ ಕೊಡುವ ವಾಲ್‌ಪ್ರೊಯೇಟ್, ಚರ್ಮರೋಗಕ್ಕೆ ಕೊಡುವ ವಿಟಮಿನ್ ಎ ಜಾತಿಯ ರೆಟಿನಾಯ್ಡ್ ಮದ್ದುಗಳಿಂದ ಕೂದಲು ಸುರುಳಿಯಾದ ಪ್ರಕರಣಗಳು ವೈದ್ಯಪತ್ರಿಕೆಗಳಲ್ಲಿವೆ. ಹರೆಯ ಬಂದಾಗ, ಮುಟ್ಟು ನಿಲ್ಲುವಾಗ, ಥೈರಾಯ್ಡ್ ಕೈಕೊಟ್ಟಾಗ ಕೂದಲಿನ ಗುಣ ಬದಲಾಗುತ್ತದೆ. ಇವೆಲ್ಲ ಬಲವಾದ ಮದ್ದುಗಳ, ಹಾರ್ಮೋನುಗಳ ಕೆಲಸ. ಗಮ್ಮಿಯ ಕೈಗೆ ಎಟುಕುವಂಥದ್ದಲ್ಲ.

ಇನ್ನೊಂದು ಸರಳ ಲೆಕ್ಕವಿದೆ. ಚರ್ಮದಿಂದ ಹೊರಬಂದ ಕೂದಲು ಸತ್ತ ವಸ್ತು. ಅದಕ್ಕೆ ರಕ್ತವೂ ಇಲ್ಲ, ನರವೂ ಇಲ್ಲ. ಇಂದು ತಿಂದದ್ದು ಗುಳಿಯೊಳಗೆ ಇಂದು ತಯಾರಾಗುವ ಚೂರಿಗೆ ಮಾತ್ರ ಸೇರಬಹುದು. ಆ ಚೂರು ಚರ್ಮ ದಾಟಿ ಹೊರಬರಲು ವಾರ, ಹತ್ತು ದಿನ. ಅಂದಮೇಲೆ ಎರಡು ವಾರಕ್ಕೇ ಇಡೀ ತಲೆಯ ಸುರುಳಿ ಬದಲಾಯಿತು ಎಂದು ‘ಮೊದಲು, ಆಮೇಲೆ’ ಫೋಟೊ ತೋರಿಸಿದರೆ, ಬದಲಾದದ್ದು ಶ್ಯಾಂಪೂ ಇರಬೇಕು, ಹವೆ ಇರಬೇಕು, ಇಲ್ಲವೇ ಬೆಳಕು.

ಹಾಗಾದರೆ ಅವರು ಕಂಡದ್ದೇನು?

ಸಡಿಲವಾಯಿತು, ಬಿಗಿಯಾಯಿತು ಎನ್ನುವವರು ಸುಳ್ಳು ಹೇಳುತ್ತಿಲ್ಲ. ಟ್ರಾನ್ಸಿಷನ್ ಕಾಲದಲ್ಲಿ ಸುರುಳಿ ತಾನಾಗಿಯೇ ರೂಪ ಬದಲಿಸುತ್ತ ಹೋಗುತ್ತದೆ. ಬುಡದ ಎರಡು ಸೆಂಟಿಮೀಟರ್‌ಗೆ ಜೋತುಬಿದ್ದ ಉದ್ದನೆಯ ನೇರ ತುದಿ, ಬಾವಿಯ ಹಗ್ಗಕ್ಕೆ ಕಟ್ಟಿದ ಕೊಡದಂತೆ ಭಾರ ಎಳೆಯುತ್ತದೆ. ಸುರುಳಿ ಅಲೆಯಂತೆ ಕಾಣುತ್ತದೆ. ತುದಿ ಕತ್ತರಿಸಿದ ದಿನವೇ ಅದು ಚಿಮ್ಮಿ ಬಿಗಿಯಾಗುತ್ತದೆ. ಬೆಳೆದು ಉದ್ದವಾದಾಗ ತನ್ನದೇ ತೂಕಕ್ಕೆ ಮತ್ತೆ ಸಡಿಲ. ನೆತ್ತಿಯದು ಒಂದು ಬಗೆ, ಹಿಂಗತ್ತಿನದು ಇನ್ನೊಂದು ಬಗೆ. ಒಂದೇ ತಲೆಯಲ್ಲಿ ಎರಡು ಮೂರು ನಮೂನೆ ಇರುವುದೇ ವಾಡಿಕೆ. ವರ್ಷಗಟ್ಟಲೆ ಕಾದ ಇಸ್ತ್ರಿಯ ಬಿಸಿ ತಪ್ಪಿತಲ್ಲ, ಅದರ ಗುಣವೂ ಸೇರಿತು.

ಎಲ್ಲಕ್ಕಿಂತ ದೊಡ್ಡದು ಮರೆವು. ಐದಾರು ವರ್ಷಕ್ಕೇ ರಿಲ್ಯಾಕ್ಸರ್ ಹಚ್ಚಿಸಿಕೊಂಡ ಹುಡುಗಿಗೆ ತನ್ನ ಹುಟ್ಟುಗೂದಲು ಹೇಗಿತ್ತೆಂದೇ ಗೊತ್ತಿಲ್ಲ. ಮೂವತ್ತರಲ್ಲಿ ಅದನ್ನು ಮೊದಲ ಸಲ ನೋಡುತ್ತಾಳೆ. ನೋಡಿದ್ದೆಲ್ಲ ‘ಬದಲಾವಣೆ’ಯಾಗಿ ಕಾಣುತ್ತದೆ. ಆ ಹೊತ್ತಿಗೆ ಕೈಯಲ್ಲಿ ಮಾತ್ರೆಯ ಡಬ್ಬಿ ಇದ್ದರೆ, ಶ್ರೇಯಸ್ಸು ಡಬ್ಬಿಗೆ ಹೋಗುತ್ತದೆ.

ಹಸಿವು ಬರೆದ ಕೂದಲು

ಆದರೆ ಊಟಕ್ಕೂ ಕೂದಲಿನ ಗುಣಕ್ಕೂ ಸಂಬಂಧವೇ ಇಲ್ಲ ಎನ್ನುವ ಹಾಗಿಲ್ಲ. ಇದನ್ನು ಲೋಕಕ್ಕೆ ತೋರಿಸಿಕೊಟ್ಟವಳು ಜಮೈಕಾದಲ್ಲಿ ಹುಟ್ಟಿ ಆಕ್ಸ್‌ಫರ್ಡ್‌ನಲ್ಲಿ ಓದಿದ ವೈದ್ಯೆ ಸಿಸಿಲಿ ವಿಲಿಯಮ್ಸ್. ಇಂದಿನ ಘಾನಾ ಆಗ ಗೋಲ್ಡ್ ಕೋಸ್ಟ್. ಅಲ್ಲಿ ಮೊಲೆ ಬಿಡಿಸಿ ಮುಸುಕಿನ ಜೋಳದ ಗಂಜಿಗೆ ಹಾಕಿದ ಕೂಸುಗಳು ಊದಿಕೊಂಡು ಸಾಯುತ್ತಿದ್ದುದನ್ನು ಆಕೆ 1933ರಲ್ಲಿ ವರದಿ ಮಾಡಿದಳು. ಎರಡು ವರ್ಷದ ನಂತರ ಅದಕ್ಕೆ ಅಲ್ಲಿನ ‘ಗಾ’ ಭಾಷೆಯ ಹೆಸರನ್ನೇ ಬಳಸಿದಳು: ಕ್ವಾಷಿಯೋರ್ಕರ್. ಮುಂದಿನ ಮಗು ಹುಟ್ಟಿದಾಗ ಮಡಿಲು ಕಳಕೊಂಡ ಮಗುವಿಗೆ ಬರುವ ಕಾಯಿಲೆ ಎಂದು ಅದರ ಅರ್ಥ.

ಆ ಮಕ್ಕಳ ಕಪ್ಪು ಬಿಗಿ ಗುಂಗುರು ಕೆಂಚಾಗಿ, ತೆಳ್ಳಗಾಗಿ, ರೇಷ್ಮೆಯಂತೆ ನೇರವಾಗುತ್ತಿತ್ತು. ಚೆನ್ನಾಗಿ ಉಂಡ ತಿಂಗಳಲ್ಲಿ ಬೆಳೆದ ಭಾಗ ಕಪ್ಪು, ಬರಗಾಲದಲ್ಲಿ ಬೆಳೆದದ್ದು ಕೆಂಚು. ಒಂದೇ ಎಳೆಯಲ್ಲಿ ಪಟ್ಟಿ ಪಟ್ಟಿ. ವೈದ್ಯರು ಅದನ್ನು ‘ಬಾವುಟದ ಗುರುತು’ ಎನ್ನುತ್ತಾರೆ. ಮಗುವಿಗೆ ಸರಿಯಾಗಿ ಉಣ್ಣಿಸಿದರೆ ಬುಡದಿಂದ ಮತ್ತೆ ಕಪ್ಪು ಕೂದಲು ಹೊರಡುತ್ತದೆ. ನನ್ನ ಮುಂದಿನ ಕಾಗದದ ಮೇಲಿದ್ದ ಎಳೆಯ ಹಾಗೆಯೇ ಅದೂ ಎರಡು ಕಾಲದ ಲೆಕ್ಕ ಇಟ್ಟ ಎಳೆ. ಇದರಲ್ಲಿ ಬರೆದದ್ದು ಪಾರ್ಲರು, ಅದರಲ್ಲಿ ಬರೆದದ್ದು ಹಸಿವು.

ಎರಡನೆಯ ಸಾಕ್ಷಿ ಕುರಿಗಳದ್ದು. 1962ರಲ್ಲಿ ಅಮೆರಿಕದ ವೈದ್ಯ ಜಾನ್ ಮೆಂಕಿಸ್ ಒಂದೇ ಮನೆತನದ ಗಂಡುಮಕ್ಕಳಲ್ಲಿ ವಿಚಿತ್ರ ರೋಗವೊಂದನ್ನು ಕಂಡ. ಮಿದುಳು ಕ್ಷೀಣಿಸುತ್ತಿತ್ತು, ಕೂದಲು ಪಾತ್ರೆ ತಿಕ್ಕುವ ಉಕ್ಕಿನ ನಾರಿನಂತೆ ತಿರುಚಿಕೊಂಡು ಮುಟ್ಟಿದರೆ ಮುರಿಯುತ್ತಿತ್ತು. ಕಾರಣ ಹತ್ತು ವರ್ಷ ಸಿಗಲಿಲ್ಲ. ಮೆಲ್ಬರ್ನ್‌ನ ಡೇವಿಡ್ ಡ್ಯಾಂಕ್ಸ್‌ಗೆ ಆ ಕೂದಲನ್ನು ನೋಡಿ ನೆನಪಾದದ್ದು ಆಸ್ಟ್ರೇಲಿಯಾದ ಕುರಿಗಳು. ತಾಮ್ರದ ಅಂಶ ಕಡಿಮೆಯಿರುವ ನೆಲದಲ್ಲಿ ಮೇಯ್ದ ಕುರಿಯ ಉಣ್ಣೆ ತನ್ನ ಸುರುಳಿ ಕಳಕೊಂಡು ತಂತಿಯಂತಾಗುವುದು ಅಲ್ಲಿನ ಕುರಿಗಾರರಿಗೆ ಗೊತ್ತಿದ್ದ ವಿಷಯ. ಮಕ್ಕಳಿಗೂ ತಾಮ್ರದ ಕೊರತೆಯೇ ಎಂದು 1972ರಲ್ಲಿ ಡ್ಯಾಂಕ್ಸ್ ತೋರಿಸಿದ. ಜೀನಿನ ದೋಷದಿಂದ ಆ ಮಕ್ಕಳ ದೇಹ ತಾಮ್ರವನ್ನು ಹೀರಿಕೊಳ್ಳುತ್ತಿರಲಿಲ್ಲ. ಗಂಧಕದ ಕೊಂಡಿಗಳು ಬೆಸೆದುಕೊಳ್ಳಲು ತಾಮ್ರ ಬೇಕು. ಅದಿಲ್ಲದೆ ಉಣ್ಣೆಯೂ ಕೂದಲೂ ಆಕಾರ ಹಿಡಿಯುವುದಿಲ್ಲ.

ಈ ಎರಡು ಕಥೆಗಳಿಂದ ತಿಳಿಯುವುದಿಷ್ಟು: ಕೊರತೆ ಕೂದಲಿನ ಮೇಲೆ ಬರೆಯುತ್ತದೆ. ಕೊರತೆ ನೀಗಿದರೆ ಹೊಸ ಬುಡದಲ್ಲಿ ಆ ಬರಹ ಇರುವುದಿಲ್ಲ. ತುಂಬಿದ ಕೊಡಕ್ಕೆ ಇನ್ನಷ್ಟು ಸುರಿದರೆ ಹೆಚ್ಚಿನ ಗುಂಗುರೇನೂ ಹುಟ್ಟುವುದಿಲ್ಲ.

ನಮ್ಮಲ್ಲಿ ಕೊರತೆಗೇನೂ ಬರವಿಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 15ರಿಂದ 49 ವರ್ಷದ ಭಾರತೀಯ ಹೆಂಗಸರಲ್ಲಿ ಶೇ 57 ಮಂದಿಗೆ ರಕ್ತಹೀನತೆ; ಕರ್ನಾಟಕದಲ್ಲಿ ಸುಮಾರು ಶೇ 48. ಅಮೆರಿಕದ ಕಪ್ಪು ಹೆಂಗಸರಲ್ಲೂ ಕಬ್ಬಿಣದ ಮತ್ತು ವಿಟಮಿನ್ ಡಿಯ ಕೊರತೆ ಬಿಳಿಯರಿಗಿಂತ ಹೆಚ್ಚು. ಇಂಥವರಿಗೆ ವೈದ್ಯರ ಮಾತಿನಂತೆ ಕಬ್ಬಿಣ ಕೊಟ್ಟರೆ ಉದುರುವುದು ಕಡಿಮೆಯಾಗಬಹುದು, ಎಳೆಗೆ ಕಸುವು ಬರಬಹುದು, ಸುರುಳಿಗಳು ಗುಂಪಾಗಿ ಚೆನ್ನಾಗಿ ಕೂರಬಹುದು. ಆಗ ‘ಗುಣ ಬದಲಾಯಿತು’ ಎನ್ನುವುದರಲ್ಲಿ ಸತ್ಯವಿದೆ. ಅವಳಿಗೆ ಸಿಕ್ಕಿದ್ದು ತನ್ನದೇ ಕೂದಲು, ಹೊಟ್ಟೆ ತುಂಬಿದ್ದು.

ಹೆಚ್ಚಾದರೆ ಅಮೃತವೂ

‘ತಿಂದರೆ ನಷ್ಟವೇನು?’ ಎಂಬ ಮಾತು ಕೇಳಿ ಬರುತ್ತದೆ. ನಷ್ಟವಿದೆ. ವಿಟಮಿನ್ ಎ ಅತಿಯಾದರೆ ಕೂದಲು ಉದುರುತ್ತದೆ. ಸತುವನ್ನು ಹೆಚ್ಚು ದಿನ ಹೆಚ್ಚು ಪ್ರಮಾಣದಲ್ಲಿ ತಿಂದರೆ ಅದು ಕರುಳಿನಲ್ಲಿ ತಾಮ್ರದ ದಾರಿ ಕಟ್ಟುತ್ತದೆ. ರಕ್ತಹೀನತೆ, ಕೈಕಾಲು ಜೋಮು ಬರುತ್ತದೆ. ಕೂದಲಿಗೆಂದು ನುಂಗಿದ ಸತು, ಕೂದಲಿಗೆ ಬೇಕಾದ ತಾಮ್ರವನ್ನೇ ಹೊರಗೆ ಹಾಕಿದಂತಾಯಿತು.

ಸೆಲೆನಿಯಂ ಇನ್ನೂ ಕಟು. 2008ರಲ್ಲಿ ಅಮೆರಿಕದ ದ್ರವರೂಪದ ಪೂರಕವೊಂದರಲ್ಲಿ ಚೀಟಿಯಲ್ಲಿ ಬರೆದದ್ದಕ್ಕಿಂತ 200 ಪಟ್ಟು ಸೆಲೆನಿಯಂ ಸೇರಿಹೋಗಿ 201 ಮಂದಿ ಕಾಯಿಲೆ ಬಿದ್ದರು. ಅವರಲ್ಲಿ ಬಹುಪಾಲು ಜನರಿಗೆ ಕೂದಲು ಉದುರಿತು. 2025ರ ಆರಂಭದಲ್ಲಿ ಮಹಾರಾಷ್ಟ್ರದ ಬುಲ್ಢಾಣಾ ಜಿಲ್ಲೆಯ ಹಳ್ಳಿಗಳಲ್ಲಿ ಜನ ಕೆಲವೇ ದಿನದಲ್ಲಿ ಬೋಳಾದ ಸುದ್ದಿಯನ್ನು ನಾವೆಲ್ಲ ಓದಿದ್ದೇವೆ. ಅಲ್ಲಿ ಕೂಡ ಪರೀಕ್ಷೆಗಳು ಬೊಟ್ಟು ಮಾಡಿದ್ದು ಸೆಲೆನಿಯಂ ಕಡೆಗೆ. ಅನುಮಾನ ಹೋದದ್ದು ಪಡಿತರದ ಗೋಧಿಯ ಮೇಲೆ. ಸಾಸಿವೆಯಷ್ಟು ಇದ್ದಾಗ ಪೋಷಕ, ಹೆಚ್ಚಾದರೆ ವಿಷ.

ಇನ್ನು ಡಬ್ಬಿಗಳ ರಾಜ ಬಯೋಟಿನ್. ದೊಡ್ಡವರಿಗೆ ದಿನಕ್ಕೆ 30 ಮೈಕ್ರೊಗ್ರಾಂ ಸಾಕು. ಮೊಟ್ಟೆ, ಶೇಂಗಾ, ಕಾಳುಗಳಲ್ಲಿ ಅದು ಸಿಗುತ್ತದೆ. ನಮ್ಮ ಹುಡುಗಿಯ ಡಬ್ಬಿಯಲ್ಲಿ ಇದ್ದದ್ದು 10,000 ಮೈಕ್ರೊಗ್ರಾಂ, ಅಂದರೆ 333 ಪಟ್ಟು. ನಿಜವಾದ ಬಯೋಟಿನ್ ಕೊರತೆ ಅಪರೂಪ: ಹುಟ್ಟಿನಿಂದ ಬಂದ ಕಿಣ್ವದ ದೋಷ, ಕೆಲವು ಮೂರ್ಛೆಯ ಮದ್ದು, ಹಸಿ ಮೊಟ್ಟೆಯ ಬಿಳಿಯನ್ನು ತಿಂಗಳುಗಟ್ಟಲೆ ಕುಡಿಯುವುದು. ಬಯೋಟಿನ್‌ನಿಂದ ಕೂದಲು ಇಲ್ಲವೇ ಉಗುರು ಸುಧಾರಿಸಿದ ಪ್ರಕಟಿತ ಪ್ರಕರಣಗಳನ್ನು 2017ರಲ್ಲಿ ಒಟ್ಟುಗೂಡಿಸಿ ನೋಡಿದಾಗ ಸಿಕ್ಕಿದ್ದು 18 ಮಾತ್ರ. ಎಲ್ಲರಲ್ಲೂ ಕೂದಲನ್ನೋ ಉಗುರನ್ನೋ ಕೆಡಿಸುವ ಬೇರೆ ಮೂಲದೋಷವಿತ್ತು. ಆರೋಗ್ಯವಂತರಲ್ಲಿ ಹೆಚ್ಚಾದದ್ದು ಮೂತ್ರದಲ್ಲಿ ಹೋಗುತ್ತದೆ.

ಹೋಗುವ ಮುಂಚೆ ಒಂದು ಕಿತಾಪತಿ ಮಾಡಿ ಹೋಗುತ್ತದೆ. ಅದು ನಮ್ಮ ಮನೆಯಲ್ಲೇ ನಡೆಯಿತು.

ಸುಳ್ಳು ಹೇಳಿದ ರಿಪೋರ್ಟು

ಕೂದಲು ಉದುರುತ್ತಿದೆ, ಒಮ್ಮೆ ರಕ್ತ ಪರೀಕ್ಷೆ ಮಾಡಿಸೋಣ ಎಂದು ಅಕ್ಕ ಅವಳನ್ನು ಬೆಂಗಳೂರಿನ ಲ್ಯಾಬೊಂದಕ್ಕೆ ಕರೆದೊಯ್ದಳು. ರಿಪೋರ್ಟು ಬಂತು: ಟಿ.ಎಸ್.ಎಚ್. ತೀರಾ ಕಡಿಮೆ, ಥೈರಾಕ್ಸಿನ್ ಹೆಚ್ಚು. ಥೈರಾಯ್ಡ್ ಅತಿಯಾಗಿ ದುಡಿಯುತ್ತಿದೆ ಎಂದೇ ಅದರ ಅರ್ಥ. ಅಕ್ಕನ ಮುಖ ಸಣ್ಣದಾಯಿತು. ಹುಡುಗಿಗೆ ಕೈ ನಡುಕವಿಲ್ಲ, ಎದೆಬಡಿತ ಏರಿಲ್ಲ, ತೂಕ ಇಳಿದಿಲ್ಲ. ಡಾಕ್ಟರು ರಿಪೋರ್ಟು ನೋಡಿದರು, ಅವಳನ್ನು ನೋಡಿದರು, ಕೊನೆಗೆ ಕೇಳಿದರು: ‘ಕೂದಲಿಗೆ ಏನಾದರೂ ತಗೋತಿದೀಯೇನಮ್ಮಾ?’

ಅನೇಕ ಲ್ಯಾಬುಗಳ ಹಾರ್ಮೋನ್ ಪರೀಕ್ಷೆಯಲ್ಲಿ ಬಯೋಟಿನ್ನನ್ನೇ ಅಂಟಿನಂತೆ ಬಳಸುತ್ತಾರೆ. ರಕ್ತದಲ್ಲಿ ಹೊರಗಿನ ಬಯೋಟಿನ್ ತುಂಬಿದ್ದರೆ ಅಂಟುವ ಜಾಗವನ್ನೆಲ್ಲ ಅದೇ ಹಿಡಿದು, ಅಂಕಿ ತಲೆಕೆಳಗಾಗುತ್ತದೆ. ಹೃದಯಾಘಾತವನ್ನು ಪತ್ತೆ ಮಾಡುವ ಟ್ರೋಪೊನಿನ್ ಪರೀಕ್ಷೆಯೂ ಹೀಗೆ ತಪ್ಪಾಗಿ ‘ಏನೂ ಇಲ್ಲ’ ಎನ್ನಬಹುದು. ಅಮೆರಿಕದ ಎಫ್.ಡಿ.ಎ. 2017ರಲ್ಲಿ ಎಚ್ಚರಿಕೆ ಕೊಟ್ಟಾಗ, ಇಂಥ ತಪ್ಪು ಫಲಿತಾಂಶದ ನಂತರ ರೋಗಿಯೊಬ್ಬರು ತೀರಿಹೋದ ವರದಿಯನ್ನೂ ಹೇಳಿತ್ತು. ಥೈರಾಯ್ಡ್ ಪರೀಕ್ಷೆಗೆ ಕನಿಷ್ಠ ಎರಡು ದಿನ ಮೊದಲು ಬಯೋಟಿನ್ ನಿಲ್ಲಿಸಿ ಎಂದು ತಜ್ಞರು ಹೇಳುವುದು ಇದಕ್ಕೇ.

ಅವಳು ವಾರ ಪೂರ್ತಿ ಮಾತ್ರೆ ಬಿಟ್ಟು ಮತ್ತೆ ರಕ್ತ ಕೊಟ್ಟಳು. ಥೈರಾಯ್ಡ್ ಸರಿಯಿತ್ತು. ಆದರೆ ಮೊದಲ ಸಲ ಯಾರೂ ಬರೆದುಕೊಡದ ಒಂದು ಪರೀಕ್ಷೆಯನ್ನು ಡಾಕ್ಟರು ಈ ಸಲ ಸೇರಿಸಿದ್ದರು: ಫೆರಿಟಿನ್, ದೇಹದಲ್ಲಿ ಕೂಡಿಟ್ಟ ಕಬ್ಬಿಣದ ಲೆಕ್ಕ. ಅದು ತಳ ಕಂಡಿತ್ತು. ಒಂದು ವರ್ಷ 333 ಪಟ್ಟು ಬಯೋಟಿನ್ ತಿಂದವಳಿಗೆ ಬೇಕಾಗಿದ್ದದ್ದು, ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ ಸಿಗುವ ಜಾತಿಯ ಮಾತ್ರೆ.

ಮನೆಯ ಮದ್ದು, ಮನೆಯ ಲೆಕ್ಕ

ಡಾಕ್ಟರು ಹೇಳಿದ್ದರಲ್ಲಿ ದೊಡ್ಡ ಗುಟ್ಟೇನೂ ಇರಲಿಲ್ಲ. ಕೂದಲು ಎಂದರೆ ಬಹುಪಾಲು ಪ್ರೋಟೀನು. ಬೇಳೆ, ಕಾಳು, ಮೊಟ್ಟೆ, ಮೊಸರು ತಪ್ಪಬಾರದು. ಕಬ್ಬಿಣದ ಮಾತ್ರೆಯ ಜೊತೆ ನಿಂಬೆಹಣ್ಣಿನ ಪಾನಕ ಒಳ್ಳೆಯದು. ಊಟವಾದ ಕೂಡಲೇ ಕಾಫಿ, ಚಹಾ ಕುಡಿದರೆ ಕಬ್ಬಿಣ ಮೈಗೆ ಸರಿಯಾಗಿ ಹತ್ತುವುದಿಲ್ಲ, ಒಂದು ತಾಸು ತಡೆಯಿರಿ. ಸಸ್ಯಾಹಾರಿಗಳು ಬಿ12 ನೋಡಿಸಿಕೊಳ್ಳಲಿ. ಡೆಂಗಿ, ಹೆರಿಗೆ, ದಿಢೀರ್ ಡಯಟ್ ಆದ ಎರಡು ಮೂರು ತಿಂಗಳಿಗೆ ರಾಶಿ ಕೂದಲು ಉದುರಿದರೆ ಹೆಚ್ಚಿನವರಿಗೆ ತಾನಾಗಿಯೇ ಮರಳುತ್ತದೆ.

ನಿಲ್ಲದ ಉದುರುವಿಕೆ, ನೆತ್ತಿಯ ನಡುವೆ ಅಗಲವಾಗುತ್ತ ಹೋಗುವ ಬೋಳು, ಉರಿ, ನೋವು ಇದ್ದರೆ ಚರ್ಮವೈದ್ಯರಲ್ಲಿಗೆ ಹೋಗಲೇಬೇಕು. ಕಪ್ಪು ಹೆಂಗಸರಲ್ಲಿ ಹೆಚ್ಚು ಕಾಣುವ, ನೆತ್ತಿಯಿಂದ ಹೊರಟು ಗುಳಿಗಳನ್ನೇ ಕಲೆ ಮಾಡಿ ಮುಚ್ಚುವ ಕಾಯಿಲೆಯೊಂದಿದೆ. ಮುಚ್ಚಿದ ಗುಳಿ ಮತ್ತೆ ತೆರೆಯದು. ಗಮ್ಮಿ ತಿನ್ನುತ್ತ ಕಳೆದ ಆರು ತಿಂಗಳು ಅಲ್ಲಿ ನಿಜಕ್ಕೂ ದುಬಾರಿ. ಬಿಗಿಯಾಗಿ ಎಳೆದು ಕಟ್ಟುವ ಜಡೆಯಿಂದ ಹಣೆಯಂಚು ಹಿಂದೆ ಸರಿಯುವುದಂತೂ ಅವರಲ್ಲೂ ಇದೆ, ನಮ್ಮಲ್ಲೂ ಇದೆ.

ಟ್ರಾನ್ಸಿಷನ್‌ಗೆ ಬೇಕಾದದ್ದು ಹೊರಗಿನ ಆರೈಕೆಯೇ ಹೆಚ್ಚು: ಒದ್ದೆ ಇರುವಾಗ ಅಗಲ ಹಲ್ಲಿನ ಹಣಿಗೆಯಿಂದ ತುದಿಯಿಂದ ಬುಡಕ್ಕೆ ಸಿಕ್ಕು ಬಿಡಿಸುವುದು, ಬಿಸಿ ತಾಗಿಸದಿರುವುದು, ತಿಂಗಳಿಗಿಷ್ಟು ನೇರ ತುದಿ ಕತ್ತರಿಸುತ್ತ ಹೋಗುವುದು. ಅಟ್ಲಾಂಟಾದ ಗೆಳತಿಯರು ಜಮೈಕಾದ ಕರಿ ಹರಳೆಣ್ಣೆಯನ್ನು ಬಹಳ ಹೊಗಳುತ್ತಾರೆಂದು ಹುಡುಗಿ ಹೇಳಿದಾಗ ನನ್ನ ಅಮ್ಮ ನಕ್ಕರು. ಹರಳು ಹುರಿದು, ಕುಟ್ಟಿ, ನೀರಲ್ಲಿ ಕುದಿಸಿ ತೆಗೆಯುವ ಎಣ್ಣೆ ಅವರ ಅಡುಗೆಮನೆಯದೇ. ಅದು ಕೂದಲನ್ನು ಬೆಳೆಸುತ್ತದೆ ಎಂದು ಅಮ್ಮನೂ ನಂಬುತ್ತಾರೆ. ನಾನು ವಾದಕ್ಕೆ ಹೋಗಲಿಲ್ಲ. ಎಳೆಗೆ ಜಿಡ್ಡು ಹತ್ತಿ ಮುರಿಯುವುದು ಕಡಿಮೆಯಾದರೂ ಉದ್ದ ಉಳಿಯುತ್ತದಲ್ಲ.

ಅಮ್ಮನೇ ಅವಳ ಹಿಂದೆ ಕೂತು ಆ ಎಣ್ಣೆ ಹಚ್ಚುತ್ತ, ಬುಡದ ಸುರುಳಿಯೊಂದನ್ನು ಬೆರಳಿಗೆ ಸುತ್ತಿ ನೋಡಿದರು. ‘ಇದು ನಮ್ಮತ್ತೆಯ ಕೂದಲು ಮಾರಾಯ್ತಿ’ ಎಂದರು. ಆ ಅಜ್ಜಿಯನ್ನು ನಾವು ಯಾರೂ ನೋಡಿಲ್ಲ. ಒಂದು ಫೋಟೊ ಕೂಡ ಇಲ್ಲ. ಡಬ್ಬಿಯ ಮೇಲೆ ಬರೆದ ಯಾವ ಮೈಕ್ರೊಗ್ರಾಂ ಲೆಕ್ಕಕ್ಕೂ ಸಿಗದ ಸಂಗತಿಯನ್ನು ಅಮ್ಮನ ಬೆರಳು ಹೇಳಿಬಿಟ್ಟಿತ್ತು.

ಹೊರಡುವ ಹಿಂದಿನ ದಿನ ಹುಡುಗಿ ನೇರ ತುದಿಯನ್ನೆಲ್ಲ ಕತ್ತರಿಸಿಕೊಂಡಳು. ಮಿಕ್ಕ ಗಮ್ಮಿಗಳನ್ನು ಕಸಕ್ಕೆ ಸುರಿದು, ಡಬ್ಬಿ ತೊಳೆದು, ಒಣಗಿಸಿ, ಅದರಲ್ಲಿ ತನ್ನ ಹೇರ್‌ಪಿನ್‌ಗಳನ್ನು ತುಂಬಿಕೊಂಡು ಸೂಟ್‌ಕೇಸಿಗೆ ಹಾಕಿದಳು. ಆ ಡಬ್ಬಿಯಿಂದ ಅವಳ ಕೂದಲಿಗೆ ಖಾತ್ರಿಯಾಗಿ ಆದ ಉಪಕಾರ ಅದೊಂದೇ.